ಕೋಬಾಳ ಲಂಗದ ಅಂಚು

ಆಗಸ್ಟ್ 20, ಬುಧವಾರ

...ಆದರೆ ನಿನ್ನೆ ಒಡಿಲಾನ್ ಹೇಳಿದ್ದರಲ್ಲಿ ತಪ್ಪೇನಿಲ್ಲ. ಮೆರವಣಿಗೆ ಸಂಘದ ಯಜಮಾನ ಅವನು. ರೂಲ್ ಅಂದರೆ ರೂಲ್. ವರ್ಷದೊಳಗೆ ಸಾವಾದ ಮನೆಯ ಮುಂದೆ ಮೆರವಣಿಗೆ ನಿಲ್ಲುತ್ತದೆ, ಡೋಲು ಸುಮ್ಮನಾಗುತ್ತದೆ, ನಮ್ಮೂರ ದೈತ್ಯ ಬೊಂಬೆ ಕೋಬಾ ಒಮ್ಮೆ ಬಾಗುತ್ತಾಳೆ. ಆದರೆ ಸತ್ತವರು ಅವಳನ್ನು ಹೊತ್ತವರಾಗಿರಬೇಕು, ಇಲ್ಲವೇ ಡೋಲಿನವರು. ಹೊಲಿದವರ ಮಾತು ಎಲ್ಲೂ ಬರೆದಿಲ್ಲ.

ಮೂವತ್ತೊಂದು ವರ್ಷ ಆ ಬೆತ್ತದ ದೈತ್ಯೆಯ ಒಳಗೆ ನಿಂತು ಹೊತ್ತವನು ನಾನು. ಅಷ್ಟೇ ವರ್ಷ ಅವಳ ಕೆಂಪು ಲಂಗ ನೋಡಿಕೊಂಡವಳು ಗೊಡೆಲೀವ. ನಾನು ಸತ್ತಿದ್ದರೆ ಕೋಬಾ ನಮ್ಮ ಬಾಗಿಲಿಗೆ ಬಾಗುತ್ತಿದ್ದಳು. ಹೋದವಳು ಹೆಂಡತಿ.

ಕೇಳಲಿಲ್ಲ. 'ಅವಳಿಗೂ ಒಮ್ಮೆ ಬಾಗಲಿ' ಎಂಬುದು ಬಾಯಿಯ ತನಕ ಬಂದಿತ್ತು. ಕಾಲೇಜಿನಲ್ಲಿ ಇಂಗ್ಲಿಷ್ ಅರ್ಜಿಯೊಂದನ್ನು ಬಾಯಿಪಾಠ ಮಾಡಿಸಿದ್ದರು — 'ಐ ಬೆಗ್ ಟು ಸ್ಟೇಟ್'... ಮುಂದಿನದು ಮರೆತಿದೆ. ಬೇಡುವುದು ಮಾತ್ರ ಉಳಿದಿದೆ. ಅದು ನನ್ನಿಂದ ಆಗದು.

ಆಗಸ್ಟ್ 22, ಶುಕ್ರವಾರ

ಎರಡು ದಿನಕ್ಕೆಂದು ಮಾಡಿದ ಸೂಪು. ನಾಲ್ಕನೇ ದಿನ, ಇನ್ನೂ ಇದೆ.

ಹಿಲ್ಕೆ ಬಂದಿದ್ದಳು. ನಮ್ಮ ಬೀದಿಯ ಪೋಸ್ಟಿನವಳು. ನನ್ನ ಮೊಣಕಾಲು ಕೈಕೊಟ್ಟ ಮೇಲೆ ಈ ಸಲ ಕೋಬಾಳನ್ನು ಹೊರುವವಳು ಅವಳೇ. ಕೈಯಲ್ಲಿ ಕಾಗದವಿಲ್ಲ, ಮುಖದಲ್ಲಿ ಸಿಟ್ಟು.

"ಫಿರ್ಮಿನ್ ಮಾಮ, ಲಂಗ ಬೀದಿ ಗುಡಿಸ್ತಿದೆ. ನಿಮ್ಮ ಎತ್ತರ ನಾನೆಲ್ಲಿಂದ ತರ್ಲಿ? ತಾಲೀಮಲ್ಲಿ ಎರಡು ಸಲ ಮುಗ್ಗರಿಸಿದೆ."

"ಟೈಲರ್ ಹತ್ರ ಕೊಡಮ್ಮ."

"ಕೊಟ್ಟಾಯ್ತು. ಅವಳು ಕತ್ತರಿ ಎತ್ಕೊಂಡ್ಳು, ಒಡಿಲಾನ್ ಎದೆ ಹಿಡ್ಕೊಂಡ. ಯಾರಿಗೆ ಮೊದಲು ನೀರು ಕೊಡೋದು ಗೊತ್ತಾಗ್ಲಿಲ್ಲ."

ಕೋಬಾಳ ಲಂಗಕ್ಕೆ ಕತ್ತರಿ ತಾಕಿಸುವುದಿಲ್ಲ. ಹೊರುವವರ ಎತ್ತರಕ್ಕೆ ಮಡಿಕೆ ಹಾಕುವುದು, ಅಷ್ಟೇ. ಎಷ್ಟು ಮಡಿಕೆ, ಎಲ್ಲಿ — ಅದು ಗೊಡೆಲೀವಳ ಬೆರಳಿಗೆ ಗೊತ್ತಿತ್ತು.

ಆಗಸ್ಟ್ 30, ಶನಿವಾರ

ಹಿಲ್ಕೆಯ ಜೊತೆ ಹಳೇ ಮೀನು ಮಾರುಕಟ್ಟೆಗೆ ಹೋದೆ. ಈಗ ಅದು ಮ್ಯೂಸಿಯಂ. ವರ್ಷವಿಡೀ ಕೋಬಾ ನಿಲ್ಲುವುದು ಅಲ್ಲೇ, ಹಗ್ಗದ ಆಚೆ, ತೋಳಲ್ಲಿ ಮೀನಿನ ಬುಟ್ಟಿ. ನೆಲದಲ್ಲಿ ಕೂತು ಅಂಚು ಮಗುಚಿದೆ. ಒಳಗಡೆ ನೀಲಿ ದಾರದಲ್ಲಿ ಗೆರೆ, ಗೆರೆಯ ಪಕ್ಕ ಅಕ್ಷರ. 'ಎಫ್' — ನಾನು. ಅದರ ಮೇಲೆ, ಒಂದು ಗೇಣು ಬಿಟ್ಟು, ಇನ್ನೊಂದು ಗೆರೆ. 'ಎಚ್'.

ಹಿಲ್ಕೆ ಬಗ್ಗಿ ನೋಡಿದಳು. "ಅಯ್ಯೋ! ಹೋದ ಸೆಪ್ಟೆಂಬರಲ್ಲಿ ಕಾಗದ ಕೊಡೋಕೆ ಬಂದಾಗ ಅತ್ತೆ ನನ್ನ ನಿಲ್ಸಿ ಟೇಪು ಹಿಡಿದಿದ್ರು. ಕೋಟು ಹೊಲಿದು ಕೊಡ್ತೀನಿ ಅಂದ್ರು. ಕೋಟು ಎಲ್ಲಿ ಅಂತ ಈಗ ಯಾರನ್ನ ಕೇಳ್ಲಿ?"

ನಕ್ಕಳು. ಆಮೇಲೆ ನಗಲಿಲ್ಲ.

ಆಗಿನ್ನೂ ಮೊಣಕಾಲಿನ ಸುದ್ದಿಯನ್ನು ನಾನು ಯಾರಿಗೂ ಹೇಳಿರಲಿಲ್ಲ. ಗೊಡೆಲೀವಳಿಗೂ.

ಮಡಿಕೆಯನ್ನು ನಾನೇ ಹೊಲಿದೆ. ಅವಳ ಬೆರಳುಟೋಪಿ ನನ್ನ ಕಿರುಬೆರಳಿಗೂ ಹಿಡಿಯಲಿಲ್ಲ. ಹೊಲಿಗೆ ಸೊಟ್ಟ. ಯಾರೋ ಪ್ರವಾಸಿ ಫೋಟೊ ತೆಗೆದ, "ವೆರಿ ಓಲ್ಡ್?" ಅಂದ. ಲಂಗವನ್ನೋ ನನ್ನನ್ನೋ! "ವೆರಿ" ಅಂದೆ.

ಬಾಗುವ ವಿಷಯ ಹಿಲ್ಕೆಯನ್ನೂ ಕೇಳಲಿಲ್ಲ.

ಸೆಪ್ಟೆಂಬರ್ 7, ಭಾನುವಾರ

ಮೆರವಣಿಗೆ ಮುಗಿಯಿತು. ಬರೆಯಲೇಬೇಕು.

ಮನೆಯಲ್ಲಿರಲು ಆಗಲಿಲ್ಲ. ಕೋಬಾ ನಮ್ಮ ಬಾಗಿಲು ದಾಟಿ ಸುಮ್ಮನೆ ಹೋಗುವುದನ್ನು ಕಿಟಕಿಯಿಂದ ನೋಡುವುದೇ? ಚಿಲಕ ಹಾಕಿ ಬೇಕರಿ ಮೂಲೆಗೆ ಹೋದೆ. ಗೊಡೆಲೀವ ಪ್ರತಿ ವರ್ಷ ನಿಲ್ಲುತ್ತಿದ್ದ ಜಾಗ. ಕಾಲರಿನಲ್ಲಿ ಸೂಜಿ ಚುಚ್ಚಿಕೊಂಡು, ಎಲ್ಲಾದರೂ ಬಿಚ್ಚಿದರೆ ಎಂದು. ಕೋಬಾಳ ಒಳಗಿನಿಂದ, ಏಪ್ರನ್ನಿನಲ್ಲಿ ದಾರಿ ನೋಡಲು ಬಿಟ್ಟ ಬಲೆಯ ಕಿಂಡಿಯಲ್ಲಿ, ಗೊಡೆಲೀವಳ ಹಸಿರು ಕೋಟು ಕಂಡರೆ ನನಗೆ ಅರ್ಧ ದಾರಿ ಆಯಿತೆಂದು ಲೆಕ್ಕ.

ನಮ್ಮ ಬೀದಿಯ ಕಡೆಯಿಂದ ಡೋಲು ಕೇಳುತ್ತಿತ್ತು. ಒಮ್ಮೆಲೇ ನಿಂತಿತು.

ನನ್ನ ಹೊಲಿಗೆ ಬಿಚ್ಚಿತು, ಹಿಲ್ಕೆ ಬಿದ್ದಳು ಅಂದುಕೊಂಡೆ! ಓಡಲು ಮೊಣಕಾಲಿಲ್ಲ. ಗೋಡೆ ಹಿಡಿದು ನಿಂತೆ.

ಮತ್ತೆ ಡೋಲು. ಕೋಬಾ ಮೂಲೆ ತಿರುಗಿ ಬಂದಳು. ಅವಳು ನಡೆಯುವುದನ್ನು ಹೊರಗಿನಿಂದ ನಾನು ನೋಡಿದ್ದು ಇದೇ ಮೊದಲು. ಸೊಂಟ ಎಷ್ಟು ಬಳುಕುತ್ತದೆ... ಗೊಡೆಲೀವ ಒಮ್ಮೆಯೂ ಹೇಳಲಿಲ್ಲವಲ್ಲ. ಲಂಗದ ಅಂಚು ಒಂದು ಕಡೆ ಹರಿದು ಜೋತಿತ್ತು.

ಮನೆಗೆ ಬಂದರೆ ಪಕ್ಕದ ಮನೆಯ ಆಲ್ಮಾ ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಿದ್ದಳು.

"ಎಲ್ಲಿ ಹಾಳಾಗಿ ಹೋಗಿದ್ದೆ ಮಾರಾಯ? ನಿನ್ನ ಮನೆ ಮುಂದೆ ಡೋಲು ನಿಂತಿತು. ಒಡಿಲಾನ್ ಟೋಪಿ ತೆಗೆದ. ಕೋಬಾ ಹೊಸ್ತಿಲು ಮುಟ್ಟೋ ಹಾಗೆ ಬಗ್ಗಿದ್ಳು — ಮುಚ್ಚಿದ ಬಾಗಿಲಿಗೆ! ಗಂಟೆ ಒತ್ತಿ ಒತ್ತಿ ನನ್ನ ಬೆರಳು ಸೋತು ಹೋಯ್ತು."

"ಬ್ರೆಡ್ಡು ತರೋಕೆ ಹೋಗಿದ್ದೆ."

"ಮೆರವಣಿಗೆ ದಿನ ಬೇಕರಿ ಯಾವತ್ತು ತೆಗೆದಿತ್ತು?"

ಒಳಗೆ ಬಂದು ಬಾಗಿಲು ಹಾಕಿಕೊಂಡೆ. ಆಮೇಲೆ ತೆರೆದಿಟ್ಟೆ. ಯಾರೂ ಬರಲಿಲ್ಲ.

ಸೆಪ್ಟೆಂಬರ್ 9, ಮಂಗಳವಾರ, ಸಂಜೆ

ಒಡಿಲಾನ್ ಲಂಗ ತಂದು ಮೇಜಿನ ಮೇಲೆ ಹಾಕಿದ. ರಿಪೇರಿಗೆ.

"ಹೊಲಿದವರ ಮಾತು ಬರೆದಿಲ್ಲ ಅಂದಿದ್ದೆಯಲ್ಲೋ" ಅಂದೆ.

"ಬರೆದಿಲ್ಲ ಅಂದೆ. ಬಗ್ಗಬಾರದು ಅಂತ ಬರೆದಿದೆ ಅಂದ್ನಾ? ಹಿಲ್ಕೆ ಕೇಳಿದ್ಳು, ಎಲ್ಲರೂ ಹೂಂ ಅಂದ್ರು. ನಿನ್ನ ಮನೇಲಿ ನೀನಿರೋಕೂ ನಾನೇ ಹೇಳ್ಬೇಕೇನಯ್ಯಾ?"

ಸೂಪು ಕೊಟ್ಟೆ. ಪೂರ್ತಿ ಕುಡಿದ, ಪುಣ್ಯಾತ್ಮ.

ಅವನನ್ನು ಕಳಿಸಲು ಹೊರಗೆ ಹೋದಾಗ ಕಂಡಿತು. ಹೊಸ್ತಿಲ ಪಕ್ಕದಲ್ಲಿ, ಬೂಟಿನ ಕೆಸರು ಕೆರೆಯುವ ಕಬ್ಬಿಣದ ಪಟ್ಟಿಗೆ ಸಿಕ್ಕಿಕೊಂಡ ಕೆಂಪು ಚೂರು. ಉಗುರಿನಷ್ಟು. ಅಷ್ಟು ತಗ್ಗಿ ಬಾಗಿದ್ದಾಳೆ. ನಾನು ಯಾರ ಮನೆಗೂ ಅಷ್ಟು ಬಾಗಿರಲಿಲ್ಲ.

ಚೂರನ್ನು ಹರಿದ ಜಾಗಕ್ಕೆ ಹಿಡಿದು ನೋಡಿದೆ. ಸರಿಯಾಗಿ ಕೂರುತ್ತದೆ. ಅಷ್ಟು ವರ್ಷಗಳಲ್ಲಿ ಗೊಡೆಲೀವ ತನ್ನ ಅಕ್ಷರ ಎಲ್ಲೂ ಹಾಕಿಲ್ಲ. ಅಂಚು ಪೂರ್ತಿ ಹುಡುಕಿದೆ. ಅದಕ್ಕೇ ನೀಲಿ ದಾರ ತೆಗೆದೆ. 'ಜಿ' ಕಷ್ಟದ ಅಕ್ಷರ, ಎಲ್ಲ ಕಡೆ ಸುತ್ತು. ಅರ್ಧ ಸುತ್ತು ಬಂದಿದೆ, ಸೊಟ್ಟಗೆ. ಕುರ್ಚಿಯನ್ನು ಕಿಟಕಿಗೆ ಎಳೆದುಕೊಂಡೆ, ಆದರೂ ದಾರ ಕಾಣುತ್ತಿಲ್ಲ — ಬೆಳಕು ಹೋಗುತ್ತಿದೆ, ಉಳಿದರ್ಧ...