ವಾರ್ಡ್ ಖಾಲಿ ಅಂದಿದ್ದಕ್ಕೆ

ರೀ, ಡ್ಯೂಟಿಗೆ ಹೊರಟೆ. ಹುಳಿ ಫ್ರಿಜ್ಜಲ್ಲಿದೆ, ಬಿಸಿ ಮಾಡ್ಕೊಳ್ಳಿ.

ನಿನ್ನೆ ನಿಮ್ಮ ಮನೆಯವರ ಜೊತೆ ವಿಡಿಯೋ ಕಾಲಲ್ಲಿ, ಐರ್ಲೆಂಡಿನ ಈ ಸ್ಲೈಗೋದಲ್ಲಿ ಕೂತು ಅಮೆರಿಕದ ಅಧ್ಯಕ್ಷರನ್ನ ಹೊಗಳಿದ್ರಿ, ಹೋಗ್ಲಿ ಅಂದ್ಕೊಂಡೆ. ವಲಸೆ ಬಂದವರಿಂದಲೇ ಕಳ್ಳತನ ಜಾಸ್ತಿ ಅಂದ್ರಿ. ನಾವೂ ವಲಸೆ ಬಂದವರೇ, ಅದನ್ನೂ ನುಂಗಿಕೊಂಡೆ. ಆದ್ರೆ ‘ಟಿವಿಯವರು ಸುಳ್ಳು ಹೇಳ್ತಾರೆ, ಕೋವಿಡ್ ವಾರ್ಡ್ ಖಾಲಿ ಅಂತ ನನ್ನ ಹೆಂಡ್ತಿನೇ ಹೇಳಿದ್ಲು’ ಅಂದ್ರಲ್ಲ, ನಾನು ಯಾವಾಗ ಹೇಳಿದೆ? ನಿನ್ನೆ ಮಧ್ಯಾಹ್ನ ತಾನೇ ಒಬ್ಬ ಅಜ್ಜಿ ಅದೇ ವಾರ್ಡಲ್ಲಿ ನನ್ನ ಕೈ ಹಿಡ್ಕೊಂಡು ಪ್ರಾಣ ಬಿಟ್ರು.

ಇದನ್ನೆಲ್ಲ ಈಗಷ್ಟೇ ನಿಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಬರೆದು ಹಾಕಿದ್ದೀನಿ. ನಿಮ್ಮಮ್ಮ ಫೋನ್ ಮಾಡ್ತಾರೆ, ನೀವೇ ಉತ್ತರ ಕೊಡಿ. ನನಗೆ ಆಸ್ಪತ್ರೆಯವರು ಮಲಗೋಕೆ ರೂಮ್ ಕೊಟ್ಟಿದ್ದಾರೆ. ‘ನಾನು ಹೇಳಿದ್ದು ಸುಳ್ಳು’ ಅಂತ ಅದೇ ಗ್ರೂಪಲ್ಲಿ ನೀವು ಬರೆಯೋವರೆಗೂ ಅನ್ನ ಒಬ್ಬರಿಗಷ್ಟೇ ಇಡಿ.

ವಸುಧಾ