ಎಡಚ ಅಜ್ಜನ ಕಲ್ಲು

ಮಾರ್ಚ್ 9
ಶಿಬಿರದಿಂದ

ಪ್ರೀತಿಯ ಎಡಚನಿಗೆ ಅಕ್ಕನ ಆಶೀರ್ವಾದಗಳು.

ಈ ಹೆಸರಿಗೆ ಸಿಟ್ಟಾಗಬೇಡ. ಪತ್ರ ಓದಿ ಮುಗಿಸುವ ಹೊತ್ತಿಗೆ ನೀನೇ ಅದನ್ನು ಬಿರುದಿನ ಹಾಗೆ ಹೇಳಿಕೊಂಡು ತಿರುಗುತ್ತೀಯ. ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯಲಿಲ್ಲ, ತಪ್ಪಾಯಿತು. ಹಲ್ಲುಜ್ಜುವ ಬ್ರಷ್ ಹಿಡಿದು ಒಂದು ದವಡೆಗೆ ಮೆತ್ತಿದ ಮಣ್ಣು ಬಿಡಿಸುತ್ತಾ ಕೂತಿದ್ದೆ. ಅದರ ಯಜಮಾನ ಲಕ್ಷಾಂತರ ವರ್ಷ ಕಾದಿದ್ದಾನೆ, ನನ್ನ ತಮ್ಮ ನಾಲ್ಕು ತಿಂಗಳು ಕಾಯಲಾರನೇ ಅಂದುಕೊಂಡೆ.

ಗೆದ್ದುಬಿಟ್ಟೆವು ಕಣೋ!

ಗುಡ್ಡದ ಇಳಿಜಾರಿನಲ್ಲಿ ದವಡೆ ಸಿಕ್ಕಿದ್ದು ನಿನಗೆ ಗೊತ್ತು. ಮೂಳೆ ಹೌದೋ ಅಲ್ಲವೋ ಎಂದು ನೆಕ್ಕಿ ನೋಡಿದವಳು ನಾನೇ. ನಾಲಿಗೆಗೆ ಅಂಟಿದರೆ ಹಳೆಯ ಮೂಳೆ, ಅಂಟದಿದ್ದರೆ ಬರೀ ಕಲ್ಲು. ನಮ್ಮವರಿಗೆ ಯಾರಾದರೂ "ಮಣ್ಣು ತಿನ್ನು" ಎಂದು ಬೈದರೆ ತಟ್ಟುವುದೇ ಇಲ್ಲ, ದಿನವೂ ತಿನ್ನುತ್ತಿರುತ್ತೇವೆ. ದವಡೆಯ ಪಕ್ಕದಲ್ಲಿ, ಅದೇ ಮಣ್ಣಿನ ಪದರದಲ್ಲಿ, ಚೂಪು ಅಂಚಿನ ಕಲ್ಲಿನ ಚಕ್ಕೆಗಳೂ ಸಿಕ್ಕವು. ಅರ್ಧ ಮಂಗ, ಅರ್ಧ ಮನುಷ್ಯನಂಥ ಈ ಅಜ್ಜ ತಾನೇ ಕಲ್ಲೊಡೆದು ಹತ್ಯಾರ ಮಾಡಿಕೊಂಡಿದ್ದನೇ? ಹೌದಾದರೆ ಅಗೆತ ಮುಂದುವರಿಯುತ್ತದೆ. ಬಂಡೆಯಿಂದ ತಾವಾಗಿ ಉದುರಿದ ಚೂರುಗಳು ಅಂತಾದರೆ ಎಲ್ಲ ಬಂದ್, ನಾವೆಲ್ಲ ಮನೆಗೆ.

ಅದನ್ನು ತೀರ್ಮಾನಿಸಲು ಬಂದ ತಜ್ಞರಿಗೆ ನಾವಿಟ್ಟ ಹೆಸರು 'ಆದರೆ' ಸಾಹೇಬರು. ಯಾರು ಏನೇ ಹೇಳಲಿ, ಅವರ ಉತ್ತರ ಆ ಪದದಿಂದಲೇ ಶುರು. ಮನುಷ್ಯ ಕೆಟ್ಟವರಲ್ಲ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ, ಅಷ್ಟೆ.

ಹಳೆಯ ಚಕ್ಕೆ ಹೇಗಾಯಿತೆಂದು ತಿಳಿಯಬೇಕಾದರೆ ಅದೇ ಥರದ ಕಲ್ಲು ತಂದು ನಾವೇ ಒಡೆದು ನೋಡುವುದು ನಮ್ಮ ಪದ್ಧತಿ. ಶೆಡ್ಡಿನ ಹಿಂದೆ ಕೂತು ಎಲ್ಲರೂ ಒಡೆದೆವು, ಬೆರಳು ಜಜ್ಜಿಕೊಂಡೆವು. ರಾಶಿ ಚಕ್ಕೆ ಬಿತ್ತು, ಆದರೆ ಅಜ್ಜನ ಚಕ್ಕೆಯಂತೆ ಬೀಳಲಿಲ್ಲ. ಕಲ್ಲಿನ ಹೊರಮೈಯ ಒರಟು ಸಿಪ್ಪೆ ನಮ್ಮವುಗಳಲ್ಲಿ ಹೆಚ್ಚಾಗಿ ಬಲ ಅಂಚಿಗೆ ಉಳಿಯುತ್ತಿತ್ತು, ಅವನವುಗಳಲ್ಲಿ ಎಡಕ್ಕೆ.

"ಆದರೆ," ಅಂದರು ಸಾಹೇಬರು, "ಕೈಯಿಂದ ಹೀಗೆ ಒಡೆಯೋಕೆ ಆಗಲ್ಲ ಅಂತ ನೀವೇ ತೋರಿಸಿಕೊಟ್ರಲ್ಲ!"

ನಮ್ಮ ಮುಖ್ಯಸ್ಥೆ, "ಇನ್ನು ಸಾಮಾನು ಕಟ್ಟೋಣ ಬಿಡಿ" ಅಂದುಬಿಟ್ಟರು.

ಎಲ್ಲರೂ ಊಟಕ್ಕೆ ಹೋದರು. ನನಗೆ ಹಸಿವೇ ಸತ್ತಿತ್ತು. ಅಲ್ಲೇ ಕೂತಿದ್ದಾಗ ನಿನ್ನ ನೆನಪಾಯಿತು. ಒಂದೇ ಬೆಂಚಿನಲ್ಲಿ ಕೂತು ಪೆನ್ಸಿಲ್ ಹೆರೆಯುವಾಗ ನಿನ್ನ ಸಿಪ್ಪೆಯೆಲ್ಲ ನನ್ನ ಪುಸ್ತಕಕ್ಕೆ ಹಾರುತ್ತಿತ್ತು, ನನ್ನದು ನಿನ್ನ ಪುಸ್ತಕಕ್ಕೆ. ದಿನಾ ರಂಪ! ಥಟ್ಟನೆ ಹೊಳೆಯಿತು. ಶಿಬಿರದಲ್ಲಿ ಕಲ್ಲು ಒಡೆದವರೆಲ್ಲ ಬಲಗೈಯವರು. ಅಜ್ಜನ ಬುದ್ಧಿ ಅಳೆಯಲು ಹೊರಟ ಪಂಡಿತರಿಗೆ ಅವನ ಕೈ ಯಾವುದೆಂದು ಕೇಳಲು ತೋಚಿರಲಿಲ್ಲ.

ಬಡಿಯುವ ಕಲ್ಲನ್ನು ಎಡಗೈಗೆ ತೆಗೆದುಕೊಂಡೆ. ನನ್ನ ಎಡಗೈ ದಡ್ಡ ಶಿಖಾಮಣಿ, ಮೊದಲ ಏಟು ಮೊಣಕಾಲಿಗೇ ಬಿತ್ತು. ಬಿಡಲಿಲ್ಲ. ಚಕ್ಕೆ ಎದ್ದಿತು, ಮತ್ತೊಂದು ಎದ್ದಿತು. ಸಿಪ್ಪೆ ಎಡಕ್ಕೆ! ಸೆರಗಿನಲ್ಲಿ ತುಂಬಿಕೊಂಡು ಓಡಿಹೋಗಿ ಸಾಹೇಬರ ತಟ್ಟೆಯ ಪಕ್ಕ ಸುರಿದೆ.

"ಬಂಡೆಯಿಂದ ಬಿದ್ದು ಒಡೆದಿದ್ರೆ ಎಡಕ್ಕೂ ಇರ್ಬೇಕಿತ್ತು, ಬಲಕ್ಕೂ ಇರ್ಬೇಕಿತ್ತು. ಬಂಡೆಗೆ ಎಡಗೈ ಬಲಗೈ ಅಂತ ಇರುತ್ತಾ ಸಾರ್?" ಅಂದೆ.

ಸಾಹೇಬರು "ಆದರೆ..." ಅಂದರು. ಎದ್ದು ಹೋಗಿ ಸಂಜೆಯವರೆಗೂ ತಾವೇ ಎಡಗೈಯಲ್ಲಿ ಕಲ್ಲು ಒಡೆದರು. ಬೆರಳಿಗೆ ಪಟ್ಟಿ ಸುತ್ತಿಕೊಂಡು ಬಂದು, "ಒಪ್ಪಿದೆ ತಾಯಿ. ಇದು ಕೈಕೆಲಸವೇ. ಆ ಪ್ರಾಣಿ ಎಡಚನೇ" ಅಂದರು. ಅಡುಗೆಯವನು ಖಾಲಿ ಪಾತ್ರೆ ಬಡಿದ, ನಮ್ಮ ಮುಖ್ಯಸ್ಥೆ ಎಲ್ಲರೆದುರೇ ಅತ್ತರು, ನಾನು ಕುಂಟುತ್ತಲೇ ಕುಣಿದೆ. ಅಗೆತ ಮುಂದುವರಿಯುತ್ತದೆ. ಪತ್ರಿಕೆಯಲ್ಲಿ ಚಕ್ಕೆಯ ಚಿತ್ರವೂ ಬಂತು. ನನ್ನ ಹೆಸರು ಮೂಲೆಯಲ್ಲಿದ್ದರೂ ಇದೆ! ಈ ಗೆಲುವಿನಲ್ಲಿ ಅರ್ಧ ಪಾಲು ನಿನ್ನದು ಕಣೋ.

ಆರೋಗ್ಯ ನೋಡಿಕೋ. ಮಕ್ಕಳಿಗೆ ಅತ್ತೆಯ ಮುತ್ತು. ಕೈಯಿಟ್ಟ ಕೆಲಸವೆಲ್ಲ ನಿನಗೆ ಕೈಗೂಡಲಿ.

ನಿನ್ನ
ಅಕ್ಕ

ತಾ.ಕ.: ಭಾನುವಾರ ಅಮ್ಮನ ಹತ್ತಿರ ಹೋಗಿದ್ದೆ. ಇಷ್ಟನ್ನೂ ಅಭಿನಯ ಸಮೇತ ಹೇಳಿದೆ. ನಗಲಿಲ್ಲ. ಪತ್ರಿಕೆಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದಳು: "ಇವನು ಎಡಗೈಲಿ ಕಲ್ಲೆತ್ತಿಕೊಂಡಾಗ ಇವನ ಅಮ್ಮ ಎಲ್ಲಿದ್ಲು?"

"ಅಲ್ಲೇ ಎಲ್ಲೋ ಇದ್ದಿರ್ಬೇಕಮ್ಮ" ಅಂದೆ.

"ನೋಡಿಯೂ ಸುಮ್ಮನಿದ್ಲಾ?" ಅಂದಳು. ಪತ್ರಿಕೆ ಮಡಚಿಟ್ಟು, "ನಾನು ಅವನ ಎಡಗೈನ ಕುರ್ಚಿಗೆ ಕಟ್ಟಿ ಉಣ್ಣಿಸ್ತಿದ್ದೆ" ಅಂದಳು. ನೀನು ಮನೆಗೆ ಬರುವುದನ್ನು ಬಿಟ್ಟ ಮೇಲೆ ಅಮ್ಮ ಈ ಮಾತು ಎತ್ತಿದ್ದು ಇದೇ ಮೊದಲು.

ಹೊರಡುವಾಗ ಬಾಗಿಲವರೆಗೂ ಬಂದು ಕೇಳಿದಳು, "ಅವನು ಈಗ ಯಾವ ಕೈಲಿ ಉಣ್ತಾನೆ?"

ಲಕ್ಷಾಂತರ ವರ್ಷದ ಹಿಂದಿನವನ ಕೈ ಕಂಡುಹಿಡಿದವಳಿಗೆ ಒಡಹುಟ್ಟಿದವನು ಉಣ್ಣುವ ಕೈ ಯಾವುದೆಂದು ಗೊತ್ತಿರಲಿಲ್ಲ. ನೀನೇ ಬಾ. ಅವಳೆದುರು ಕೂತು ಒಂದು ಹೊತ್ತು ಉಣ್ಣು.