ಎಂಟು ಗಂಟೆಯ ನಗುವಿಗೆ ನೋಟಿಸ್

ನಗುವಿಗೆ ಕಾರಣ ಕೇಳಿರುವ ಮಾನ್ಯ ಮೇಲಧಿಕಾರಿಗಳೇ,

ಕಳೆದ ಸೋಮವಾರ ಬೆಳಗ್ಗೆ ಎಂಟಕ್ಕೆ ತಾವು ಸವಣೂರು ಸೀಮೆಯ ನಮ್ಮ ಸಣ್ಣ ಆಸ್ಪತ್ರೆಗೆ ತಪಾಸಣೆಗೆ ಬಂದಾಗ ಹೆಂಗಸರ ವಾರ್ಡಿನಲ್ಲಿ ‘ಅಶಿಸ್ತಿನ ನಗು’ ಕೇಳಿತಂತೆ. ಇನ್ನು ಮುಂದೆ ಪಾಳಿ ಬದಲಾಗುವಾಗ ರೋಗಿಗಳ ವಿವರವನ್ನು ಮಂಚದ ಬಳಿ ಒಪ್ಪಿಸುವಂತಿಲ್ಲ, ಕೋಣೆಯ ಬಾಗಿಲು ಹಾಕಿಕೊಂಡು ಒಪ್ಪಿಸಬೇಕು, ತಪ್ಪಿದರೆ ನನ್ನ ಇನ್‌ಚಾರ್ಜ್ ಹುದ್ದೆ ಹೋಗುತ್ತದೆ ಎಂದು ನೋಟಿಸ್ ಬಂದಿದೆ. ನಗು ಕೇಳಿದ್ದು ನಿಜ. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ. ನಾಲ್ಕು ದಿನವಾದರೂ ಅದು ಪೂರ್ತಿ ನಿಂತಿಲ್ಲ. ಅಂದು ನರಳಾಟ ಕೇಳಿದ್ದರೆ ನೋಟಿಸ್ ಬರುತ್ತಿತ್ತೇ, ಮಾನ್ಯರೇ?

ನಾಲ್ಕು ತಿಂಗಳ ಹಿಂದೆ ಇನ್‌ಚಾರ್ಜ್ ಸಿಸ್ಟರ್ ಆದಾಗ ನಾನೂ ತಮ್ಮಂತೆಯೇ ಇದ್ದೆ. ಕಾನ್ವೆಂಟಿನಲ್ಲಿ ಓದಿದವಳು, ಮೌನವೇ ಶಿಸ್ತು ಎಂದು ನಂಬಿದವಳು. ಪಾಳಿ ಬದಲಾಗುವಾಗ ಬಾಗಿಲು ಹಾಕಿದ ಕೋಣೆಯಲ್ಲಿ ಇಂಗ್ಲಿಷಿನಲ್ಲಿ ವರದಿ ಓದುತ್ತಿದ್ದೆ, ಉಳಿದವರು ತಲೆಯಾಡಿಸುತ್ತಿದ್ದರು. ಇದೇ ನಾಯಕತ್ವ ಎಂದುಕೊಂಡಿದ್ದೆ. ಎರಡನೇ ವಾರ ಇನ್ಸುಲಿನ್ ಹಿಡಿದು ನಾಲ್ಕನೇ ಮಂಚಕ್ಕೆ ಹೋದೆ. ಪಕ್ಕದ ಮಂಚದಿಂದ ಹತ್ತಿಮತ್ತೂರಿನ ಸಾವಂತ್ರವ್ವ ಕೂಗಿದರು:

“ಸಿಸ್ಟರ್ ಬಾಯಿ, ಸಕ್ಕರಿ ಸೂಜಿ ನಂದ್ರೀ! ಆಕಿಗ್ಯಾಕ ಚುಚ್ಚತೀರಿ?”

ಊರ ಬಸ್ಸು ಬರುವುದು ಕಾಣಲೆಂದು ಅವರು ಕಿಟಕಿ ಪಕ್ಕದ ದಾನವ್ವನೊಂದಿಗೆ ಮಂಚ ಬದಲಾಯಿಸಿಕೊಂಡಿದ್ದರು. ಔಷಧಿಯ ಚೀಟಿ ಮಾತ್ರ ಹಳೇ ಮಂಚದಲ್ಲೇ ನೇತಾಡುತ್ತಿತ್ತು. ಸಕ್ಕರೆ ಕಾಯಿಲೆಯೇ ಇಲ್ಲದ ದಾನವ್ವ ಆಗಲೇ ತೋಳು ಚಾಚಿ, “ಇರ್ಲಿ ಬಿಡ್ರಿ, ಪುಕ್ಕಟ ಐತಲ್ಲ” ಎಂದರು. ಆ ಸೂಜಿ ಅವರ ಜೀವ ತೆಗೆಯಬಹುದಿತ್ತು.

ತಪ್ಪನ್ನು ಯಾರ ಮೇಲೆ ಹಾಕಲಿ ಎಂದು ಒಂದು ಕ್ಷಣ ಹುಡುಕಿದೆ, ಸುಳ್ಳು ಹೇಳುವುದಿಲ್ಲ. ಆಮೇಲೆ ಎಲ್ಲರೆದುರು ನನ್ನದೇ ಎಂದೆ. ಕಿರಿಯ ನರ್ಸ್ ಮದಿಹಾ ನಕ್ಕುಬಿಟ್ಟಳು: “ನೀವ ಒಪ್ಪಿಕೊಂಡ್ರಿ ಅಂದಮ್ಯಾಗ ನಮಗ್ಯಾಕ್ರಿ ಮೇಡಂ ಅಂಜಿಕಿ?” ಮರುದಿನ ಮೂವರು ನರ್ಸುಗಳು ತಾವು ಮುಚ್ಚಿಟ್ಟಿದ್ದ ತಪ್ಪುಗಳನ್ನು ಹೇಳಿಕೊಂಡರು. ಅಂದಿನಿಂದ ಮಂಚದ ಬಳಿಯೇ, ಕನ್ನಡದಲ್ಲೇ ಒಪ್ಪಿಸುತ್ತೇವೆ. ರೋಗಿಯ ಬಾಯಿಂದಲೇ ಪೂರ್ತಿ ಹೆಸರು ಕೇಳುತ್ತೇವೆ. ಗುಟ್ಟಿನ ಮಾತಿದ್ದರೆ ಕಿವಿಯಲ್ಲಿ.

ಈಗ ತಮ್ಮ ಸೋಮವಾರ. ಜ್ವರವೆಂದು ದಾನವ್ವ ಮತ್ತೆ ಬಂದಿದ್ದರು.

“ಪೂರ್ತಿ ಹೆಸರು ಹೇಳ್ರಿ.”

“ದಾನವ್ವ. ಮುಂದಿಂದು ನನ್ನ ಬಾಯಾಗ ಬರಂಗಿಲ್ರಿ.”

ಮುಂದಿನದು ಗಂಡನ ಹೆಸರು. ನಲವತ್ತು ವರ್ಷದಲ್ಲಿ ಒಮ್ಮೆಯೂ ಹೇಳಿದವರಲ್ಲ. ಆ ಗಂಡ ಮಂಚದ ಬುಡದಲ್ಲೇ ಕೂತು ಪೊಟ್ಟಣದಿಂದ ಕುರುಕಲು ಖಾರ ತಿನ್ನುತ್ತಿದ್ದರು. “ಹೇಳ ಈಗರೆ, ನಾನೂ ಒಮ್ಮಿ ಕೇಳ್ತೇನಿ” ಎಂದರು. ದಾನವ್ವ ಮುಖದ ಮೇಲೆ ಸೆರಗೆಳೆದುಕೊಂಡು ಒಮ್ಮೆಲೇ ಕಿರುಚಿದರು:

“ಶಂಭುಲಿಂಗ!”

“ಬಂದ್ನಿರೀ!” ಎನ್ನುತ್ತಾ ಅವರು ಗಾಬರಿಯಿಂದ ಎದ್ದು ನಿಂತರು. ಖಾರವೆಲ್ಲ ನೆಲಕ್ಕೆ. ಅದೇ ಗಳಿಗೆಗೆ ತಾವು ಒಳಗೆ ಬಂದಿರಿ.

ಈ ಹುದ್ದೆ ನನಗೆ ಇಷ್ಟವಾಗತೊಡಗಿದೆ, ಹೋದರೆ ಅಳುತ್ತೇನೆ. ಆದರೆ ನನ್ನ ನಿಜವಾದ ಭಯ ಬೇರೆ: ಬಾಗಿಲು ಹಾಕಿದ ಕೋಣೆಯಲ್ಲಿ ಸಾವಂತ್ರವ್ವ ಇರುವುದಿಲ್ಲ. ಅಲ್ಲಿ ನನ್ನನ್ನು ತಿದ್ದುವವರು ಯಾರು?

ಆದ್ದರಿಂದ ನೋಟಿಸ್ ಹಿಂಪಡೆಯಿರಿ. ಒಂದು ದಿನ ಎಂಟಕ್ಕೆ ಬಂದು ಮಂಚದ ಪಕ್ಕ ನಿಂತು ಕೇಳಿ. ಯಾರಾದರೂ ಅಜ್ಜಿ ತಮ್ಮನ್ನೂ ತಿದ್ದಿಯಾಳು. ಮೊದಲು ಕಿವಿ ಬಿಸಿಯಾಗುತ್ತದೆ, ಆಮೇಲೆ ತುಂಬಾ ಹಗುರಾಗುತ್ತದೆ.

ಇಂತಿ,
ನಕ್ಕದ್ದನ್ನು ಒಪ್ಪಿಕೊಂಡ, ನಿಲ್ಲಿಸಲು ಇನ್ನೂ ಕಲಿಯದ,
ಹೆಂಗಸರ ವಾರ್ಡಿನ ಇನ್‌ಚಾರ್ಜ್ (ಸದ್ಯಕ್ಕೆ)